ಗುಂಡಿಯೂ ಗುಂಡೂ

ಆ ಗುಂಡಿ ಕರಗಿದ್ದು ಒಂದೇ ಉಸಿರಿನಲ್ಲಿ. ಟಾರ್ಚಿನ ನೀಲಿ ಉರಿ ಅದರ ಬೆನ್ನಿಗೆ ಸರಿಯಾಗಿ ತಾಗಿಯೂ ಇರಲಿಲ್ಲ. ನನ್ನ ಕಣ್ಣು ಬೆಸುಗೆಯ ತಂತಿಯ ಮೇಲಿತ್ತು. ಮೊದಲು ಅಂಚು ಒದ್ದೆಯಾದಂತೆ ಮಿನುಗಿತು. ಏನಾಗುತ್ತಿದೆ ಎಂದು ತಿಳಿದು ಉರಿಯನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ಇಡೀ ಬಿಲ್ಲೆ ಒಳಗೊಳಗೇ ಕುಸಿದು, ಇದ್ದಿಲ ಹಲಗೆಯ ತಗ್ಗಿನಲ್ಲಿ ಒಂದು ಬಿಳಿ ಹನಿಯಾಗಿ ನಿಂತುಬಿಟ್ಟಿತು. ಅದರ ಮುಖದ ಮೇಲೆ ‘50’ ಎಂಬ ಅಂಕಿ ಇತ್ತು. ಕಡಿಮೆಯೆಂದರೂ ನೂರೆಪ್ಪತ್ತು ವರ್ಷ ಉಳಿದುಕೊಂಡು ಬಂದಿದ್ದ ಅಂಕಿ. ಬೆನ್ನಿಗಿದ್ದ ಕಬ್ಬಿಣದ ಕೊಂಡಿಗೆ ಮಾತ್ರ ಏನೂ ಆಗಿರಲಿಲ್ಲ. ಹನಿಯೊಳಗಿಂದ ತಲೆಯೆತ್ತಿ ಹಾಗೇ ನಿಂತಿತ್ತು. ತಣ್ಣಗಾದ ಮೇಲೆ ಇಕ್ಕಳದಿಂದ ಎತ್ತಿ ಅಂಗೈಗೆ ಹಾಕಿಕೊಂಡೆ. ಗುಂಡಿ ಹೋಗಿ ಗುಂಡಾಗಿತ್ತು.

ಕನ್ನಡದಲ್ಲಿ ಈ ಎರಡು ಪದಗಳ ನಡುವೆ ಇರುವುದು ಒಂದು ಸ್ವರದ ಅಂತರ ಅಷ್ಟೇ. ಒಂದು ಎದೆಯನ್ನು ಮುಚ್ಚುತ್ತದೆ, ಇನ್ನೊಂದು ಎದೆಯನ್ನು ತೂರಿ ಹೋಗುತ್ತದೆ. ಎರಡಕ್ಕೂ ಹಿಂದೆ ಬಡಿದುಕೊಳ್ಳುತ್ತಿರುವುದಕ್ಕೆ ಗುಂಡಿಗೆ ಎನ್ನುತ್ತೇವೆ. ನೆಲದಲ್ಲಿ ತೋಡುವ ಹಳ್ಳಕ್ಕೂ ಗುಂಡಿಯೆಂದೇ ಹೆಸರು. ಭಾಷಾಶಾಸ್ತ್ರ ಬಲ್ಲವರು ಇವುಗಳ ಮೂಲವನ್ನು ಬೇರೆಬೇರೆಯಾಗಿ ಬಿಡಿಸಿ ಹೇಳಿಯಾರು. ಆದರೆ ಆ ರಾತ್ರಿ ಮೇಜಿನ ಮುಂದೆ ಕೂತವಳಿಗೆ ನಾಲ್ಕೂ ಒಂದೇ ಮನೆಯ ಮಕ್ಕಳಂತೆ ಕಂಡವು. ಅಂದಿನಿಂದ ಹಳೆಯ ಸೇನಾ ಗುಂಡಿಯೊಂದನ್ನು ಕೈಗೆತ್ತಿಕೊಂಡಾಗಲೆಲ್ಲ ಆ ನಾಲ್ಕೂ ಪದಗಳು ಒಟ್ಟಿಗೇ ನೆನಪಾಗುತ್ತವೆ.

ಹಳೆಯ ಸೇನಾ ಸಮವಸ್ತ್ರಗಳ ಗುಂಡಿಗಳಿಂದ ಕಫ್‌ಲಿಂಕ್ ಮಾಡುವುದು ನಾನು ಹಲವು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಮಾರಲು ಅಲ್ಲ, ನನಗೆ, ನನ್ನವರಿಗೆ. ತೋಳಿನ ಪಟ್ಟಿಯ ಎರಡೂ ತುದಿಗೆ ಕಾಜಾ ಮಾತ್ರ ಇದ್ದು ಗುಂಡಿಯಿಲ್ಲದ ಅಂಗಿಗಳಿರುತ್ತವಲ್ಲ, ಆ ಎರಡು ಕಾಜಾಗಳನ್ನು ಒಂದಕ್ಕೊಂದು ಹಿಡಿದಿಡುವ ವಸ್ತುವೇ ಕಫ್‌ಲಿಂಕ್. ಸೇನೆಯ ಸಣ್ಣ ಗುಂಡಿಗಳು, ಅಂದರೆ ಹದಿನೈದರಿಂದ ಹತ್ತೊಂಬತ್ತು ಮಿಲಿಮೀಟರ್ ಅಗಲದವು, ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಕೋಟಿನ ಎದೆಗೆ ದೊಡ್ಡವು, ತೋಳಿನ ತುದಿಗೂ ಟೋಪಿಗೂ ಸಣ್ಣವು ಎಂಬುದು ಆ ಕಾಲದ ವಾಡಿಕೆ. ಹಾಗಾಗಿ ನಾನು ಬಳಸುವವುಗಳಲ್ಲಿ ಹಲವು ಮೊದಲೂ ತೋಳಿನ ಮೇಲೇ ಇದ್ದವು. ಹೊರಟ ಜಾಗಕ್ಕೇ ಮರಳಿ ಬಂದಂತೆ ಎಂದುಕೊಂಡು ಖುಷಿಪಡುತ್ತಿದ್ದೆ.

ಅದುವರೆಗೆ ನಾನು ಬೆಸೆದಿದ್ದೆಲ್ಲ ಹಿತ್ತಾಳೆ. ಬೆಳ್ಳಿ ಬೆಸುಗೆ ಹರಿಯಬೇಕಾದರೆ ಆರುನೂರು ಡಿಗ್ರಿ ಸೆಲ್ಸಿಯಸ್ ದಾಟಬೇಕು. ಹಿತ್ತಾಳೆ ಅದನ್ನು ತಡೆದುಕೊಳ್ಳುತ್ತದೆ. ಈ ಎರಡು ಬೂದು ಗುಂಡಿಗಳು ಬಂದಾಗ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪ ಕೊಟ್ಟಿದ್ದು ಮಾಸಿರಬೇಕೆಂದು ನಂಬಿಬಿಟ್ಟೆ. ಅಂಚಿಗೆ ಅರ ತಾಗಿಸಿ ನೋಡಿದ್ದರೆ ಸಾಕಿತ್ತು. ಅದು ಪ್ಯೂಟರ್. ತವರಕ್ಕೆ ಸೀಸ ಮತ್ತಿತರ ಲೋಹ ಬೆರೆಸಿ ಎರಕ ಹೊಯ್ದದ್ದು. ಇನ್ನೂರು ಡಿಗ್ರಿಯ ಆಸುಪಾಸಿನಲ್ಲೇ ಅದು ನೀರಾಗುತ್ತದೆ. ಅರ ತಾಗಿಸಲು ಅರ್ಧ ನಿಮಿಷ ಬೇಕಿತ್ತು. ಆ ಅರ್ಧ ನಿಮಿಷ ನಾನು ಕೊಡಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಆ ‘50’ ಏನೆಂದು ಹುಡುಕಿ ತಿಳಿದುಕೊಂಡದ್ದು ಕರಗಿಸಿದ ಮೇಲೆ. ಮೊದಲು ಮಾಡಬೇಕಾದುದನ್ನು ಕೊನೆಗೆ ಮಾಡಿದೆ.

1767ರಲ್ಲಿ ಬ್ರಿಟಿಷ್ ಸೇನೆ ಪ್ರತಿಯೊಂದು ಕಾಲಾಳು ರೆಜಿಮೆಂಟೂ ತನ್ನ ಸಂಖ್ಯೆಯನ್ನು ಕೋಟಿನ ಗುಂಡಿಗಳ ಮೇಲೆ ಹಾಕಬೇಕೆಂದು ಆದೇಶ ಹೊರಡಿಸಿತು. ಅಧಿಕಾರಿಗಳ ಗುಂಡಿಗೆ ಚಿನ್ನ ಅಥವಾ ಬೆಳ್ಳಿಯ ಲೇಪ, ಸಿಪಾಯಿಗೆ ಪ್ಯೂಟರ್. ಅಲ್ಲಿಂದ ಮುಂದೆ ಸಿಪಾಯಿಯ ಮೈಮೇಲೆ ಎದೆಯುದ್ದಕ್ಕೂ, ತೋಳಿಗೂ, ಬೆನ್ನ ಹಿಂದೆಯೂ ಒಂದು ಅಂಕಿ ಸಾಲುಗಟ್ಟಿತು. ಅವನ ಹೆಸರು ಎಲ್ಲೂ ಇರಲಿಲ್ಲ. ಅವನು ಯಾರು ಎಂಬುದಕ್ಕೆ ಬಟ್ಟೆ ಕೊಡುತ್ತಿದ್ದ ಉತ್ತರ ಒಂದೇ: ಐವತ್ತನೆಯವ, ಮೂವತ್ತನೆಯವ, ಎಂಬತ್ತೆಂಟನೆಯವ.

ಐವತ್ತನೇ ರೆಜಿಮೆಂಟಿಗೆ ಅದರ ಜೊತೆ ಇನ್ನೊಂದು ಗುರುತೂ ಇತ್ತು. ಅವರ ಕೆಂಪು ಕೋಟಿನ ತೋಳಿನ ಪಟ್ಟಿ ಕಪ್ಪು. 1808ರ ಆಗಸ್ಟ್ 21ರಂದು ಪೋರ್ಚುಗಲ್ಲಿನ ವಿಮೆಯ್ರೊದಲ್ಲಿ ನೆಪೋಲಿಯನ್ನನ ಪಡೆಯ ಎದುರು ಕಾದಾಡುವಾಗ, ಬಿಸಿಲಿಗೆ ಬೆವರಿದ ಮುಖವನ್ನು ಅವರು ತೋಳಿನಿಂದ ಒರೆಸಿಕೊಂಡರಂತೆ. ಪಟ್ಟಿಯ ಕಪ್ಪು ಬಣ್ಣ ಬಿಟ್ಟು ಮುಖಕ್ಕೆಲ್ಲ ಮೆತ್ತಿಕೊಂಡಿತಂತೆ. ‘ಕೊಳಕು ಅರ್ಧನೂರು’ ಎಂಬ ಅಡ್ಡಹೆಸರು ಅವರಿಗೆ ಹಾಗೆ ಬಂತೆಂದು ರೆಜಿಮೆಂಟಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನನ್ನ ಗುಂಡಿ ಆ ಯುದ್ಧ ಕಂಡಿತ್ತೆಂದು ನಾನು ಹೇಳಲಾರೆ. 1767ರಿಂದ 1855ರವರೆಗಿನ ಯಾವ ವರ್ಷದ್ದಾದರೂ ಆಗಿರಬಹುದು. ಆದರೂ ಕಪ್ಪು ತೋಳಪಟ್ಟಿಯಿಂದ ಬೆವರು ಒರೆಸಿಕೊಳ್ಳುವ ಒಂದು ಕೈ ಕಣ್ಣ ಮುಂದೆ ಬಂದ ಮೇಲೆ, ಅದೇ ಪಟ್ಟಿಗೆ ಹತ್ತಿಕೊಂಡಿದ್ದ ಸಣ್ಣ ಬೂದು ಬಿಲ್ಲೆಯನ್ನು ಬರಿಯ ಕಚ್ಚಾವಸ್ತು ಎಂದು ನೋಡಲು ನನ್ನಿಂದ ಆಗಲಿಲ್ಲ.

1855ರಲ್ಲಿ ಸಿಪಾಯಿಗಳ ಪ್ಯೂಟರ್ ಗುಂಡಿ ಹೋಗಿ ಹಿತ್ತಾಳೆಯದು ಬಂತು. 1871ರಲ್ಲಿ ಅವರ ಗುಂಡಿಯಿಂದ ರೆಜಿಮೆಂಟಿನ ಸಂಖ್ಯೆಯೇ ಹೋಯಿತು. ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಗುಂಡಿ, ಅದರ ಮೇಲೆ ಸಿಂಹವೂ ಯೂನಿಕಾರ್ನೂ (ಕತೆಗಳ ಒಂಟಿಕೊಂಬಿನ ಕುದುರೆ) ಎರಡು ಬದಿಗೆ ನಿಂತ ರಾಜಲಾಂಛನ. ಅಧಿಕಾರಿಗಳಿಗೆ ಮಾತ್ರ ಸಂಖ್ಯೆ ಇನ್ನೂ ಹತ್ತು ವರ್ಷ ಉಳಿಯಿತು. 1881ರ ಸುಧಾರಣೆಯಲ್ಲಿ ಸಂಖ್ಯೆಗಳ ಜಾಗಕ್ಕೆ ಪ್ರಾಂತಗಳ ಹೆಸರು ಬಂದಾಗ ಅದೂ ಅಳಿಯಿತು. ಇದರ ಪರಿಣಾಮವನ್ನು ಯೋಚಿಸಿ ನೋಡಿ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕದ ಇಸಾಂಡ್ಲ್ವಾನದಲ್ಲಿ ಝುಲು ಪಡೆಯ ಎದುರು 24ನೇ ರೆಜಿಮೆಂಟಿನ ನೂರಾರು ಮಂದಿ ಸತ್ತರು. ಸತ್ತ ಸಿಪಾಯಿಗಳ ಎದೆಯ ಗುಂಡಿ ‘24’ ಎನ್ನುತ್ತಿರಲಿಲ್ಲ. ಬ್ರಿಟಿಷ್ ಕಾಲಾಳು ಪಡೆಯ ಹೆಚ್ಚುಕಡಿಮೆ ಯಾವ ಸಿಪಾಯಿಯಾದರೂ ತೊಡಬಹುದಾದ ಸಿಂಹ ಮತ್ತು ಯೂನಿಕಾರ್ನು ಮಾತ್ರ ಅಲ್ಲಿದ್ದವು. ಹೆಸರಿಲ್ಲದವನಿಗೆ ಅಂಕಿಯಾದರೂ ಇತ್ತು, ಈಗ ಅದೂ ಇಲ್ಲ.

ಆದ್ದರಿಂದಲೇ ಎಲ್ಲಕ್ಕಿಂತ ಸುಲಭವಾಗಿ ಸಿಗುವ, ಸಂಗ್ರಾಹಕರು ಅಷ್ಟಾಗಿ ಲೆಕ್ಕಕ್ಕಿಡದ ಈ ರಾಜಲಾಂಛನದ ಗುಂಡಿಗಳ ಮೇಲೆ ನನಗೆ ಪ್ರೀತಿ ಹೆಚ್ಚು. ಇವುಗಳನ್ನು ಕೋದು ಕಫ್‌ಲಿಂಕ್ ಮಾಡಿದರೆ ಅಪರೂಪದ್ದೇನನ್ನೂ ಹಾಳು ಮಾಡಿದಂತೆ ಆಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಇವುಗಳ ಮುಖ ಸವೆದಿರುವ ರೀತಿ. ಭೂತಗನ್ನಡಿಯ ಕೆಳಗಿಟ್ಟರೆ ಕಾಣುತ್ತದೆ: ಸಿಂಹದ ಮೂಗು ಮೊದಲು ಹೋಗಿರುತ್ತದೆ, ಆಮೇಲೆ ಯೂನಿಕಾರ್ನಿನ ಕುತ್ತಿಗೆ, ಆಮೇಲೆ ಗುರಾಣಿಯ ನಡುಭಾಗ. ಉಬ್ಬಿದ ಜಾಗವೆಲ್ಲ ನುಣುಪು, ತಗ್ಗಿನಲ್ಲಿ ಗೆರೆಗಳು ಇನ್ನೂ ಚೂಪು. ಇದು ಕಾಲದ ಸವೆತವಲ್ಲ, ಕೈಯ ಸವೆತ. ಸಿಪಾಯಿ ದಿನಾ ಗುಂಡಿ ಉಜ್ಜಲೇಬೇಕಿತ್ತು. ಬಟ್ಟೆಗೆ ಪಾಲಿಶ್ ತಾಗದಿರಲೆಂದು ನಡುವೆ ಸೀಳಿರುವ ಒಂದು ಪಟ್ಟಿಯನ್ನು ಗುಂಡಿಗಳ ಅಡಿಗೆ ತೂರಿಸಿ, ಸಾಲಾಗಿ ಎಲ್ಲವನ್ನೂ ಉಜ್ಜುತ್ತಿದ್ದರು. ಬೆಳಗಿನ ಕವಾಯತಿಗೆ ಮುಂಚೆ ಕೂತು ಉಜ್ಜಿದ ಆ ಹೆಬ್ಬೆರಳಿನ ಗುರುತೇ ಸಿಂಹದ ಮೂಗಿಲ್ಲದ ಮುಖ. ಇಂಥ ಗುಂಡಿಯನ್ನು ತಂದವರು ಮೊದಲು ಮಾಡುವ ಕೆಲಸ ಅದನ್ನು ಮತ್ತೆ ಉಜ್ಜಿ ಫಳಫಳ ಮಾಡುವುದು. ದಯವಿಟ್ಟು ಬೇಡ. ಬೆಚ್ಚಗಿನ ಸೋಪು ನೀರು, ಮೆತ್ತನೆ ಬ್ರಷ್, ಚೆನ್ನಾಗಿ ಒಣಗಿಸುವುದು, ಅಷ್ಟು ಸಾಕು.

ಬ್ರಿಟಿಷ್ ಗುಂಡಿಯ ಕಾಲವನ್ನು ಸಂಖ್ಯೆಯಿಲ್ಲದೆಯೂ ಹೇಳಬಹುದು, ಕಿರೀಟ ನೋಡಿ. 1901ರಲ್ಲಿ ವಿಕ್ಟೋರಿಯಾ ರಾಣಿ ತೀರಿಕೊಂಡ ಮೇಲೆ ಬಂದ ರಾಜರ ಕಾಲದ ಟ್ಯೂಡರ್ ಕಿರೀಟದ ಕಮಾನುಗಳು ಗುಮ್ಮಟದಂತೆ ದುಂಡಗೆ ಏರಿ ಇಳಿಯುತ್ತವೆ. ಎರಡನೇ ಎಲಿಜಬೆತ್ ಬಂದ ಮೇಲೆ, 1953ರ ಹೊತ್ತಿಗೆ, ಕಮಾನು ನಡುವೆ ತಗ್ಗಿದ ಸೇಂಟ್ ಎಡ್ವರ್ಡ್ ಕಿರೀಟ ಬಂತು. ಹೆಚ್ಚುಕಡಿಮೆ ಅದೇ ದಶಕದಲ್ಲಿ ಹಿತ್ತಾಳೆಯ ಕಾಲವೂ ಮುಗಿಯುತ್ತ ಬಂದು, ಉಜ್ಜುವ ಅಗತ್ಯವೇ ಇಲ್ಲದ ಹೊಳೆಯುವ ಅಲ್ಯೂಮಿನಿಯಂ ಗುಂಡಿಗಳು ಬಂದವು. ಅವುಗಳಲ್ಲಿ ಯಾರ ಹೆಬ್ಬೆರಳೂ ಕಾಣುವುದಿಲ್ಲ.

ಗುಂಡಿ ಕೋಟಿನಿಂದ ಕಳಚಿದಾಗ ಕಳೆದುಹೋಗುವುದು ಇನ್ನೊಂದಿದೆ, ಅದರ ಜಾಗ. ಲಂಡನ್ನಿನ ಅರಮನೆಯ ಮುಂದೆ ಕಾವಲು ನಿಲ್ಲುವ ಐದು ಕಾಲಾಳು ಗಾರ್ಡ್ಸ್ ರೆಜಿಮೆಂಟುಗಳನ್ನು ದೂರದಿಂದ ಗುರುತಿಸುವುದು ಗುಂಡಿಗಳ ಅಂತರದಿಂದ. ಗ್ರೆನೆಡಿಯರ್ ಗಾರ್ಡ್ಸ್ ಒಂದೊಂದಾಗಿ, ಕೋಲ್ಡ್‌ಸ್ಟ್ರೀಮ್ ಎರಡೆರಡಾಗಿ, ಸ್ಕಾಟ್ಸ್ ಮೂರು ಮೂರಾಗಿ, ಐರಿಷ್ ನಾಲ್ಕು ನಾಲ್ಕಾಗಿ, ವೆಲ್ಷ್ ಐದೈದಾಗಿ. ಒಂದು ಗುಂಡಿ ಪಕ್ಕದ ಗುಂಡಿಯ ಜೊತೆ ಸೇರಿ ಒಂದು ಮಾತಾಗುತ್ತದೆ. ಕತ್ತರಿಸಿ ತಂದ ಬಿಡಿ ಗುಂಡಿ ಆ ಮಾತಿನಿಂದ ಕಿತ್ತ ಒಂದು ಅಕ್ಷರ.

ಮುಂಭಾಗ ಸಿಪಾಯಿಯದಾದರೆ ಹಿಂಭಾಗ ಕಾರ್ಮಿಕರದು. ಅಲ್ಲಿ ಉಬ್ಬಿಸಿದ ಸಣ್ಣಕ್ಷರಗಳಿಗೆ ಬ್ಯಾಕ್‌ಮಾರ್ಕ್ ಎನ್ನುತ್ತಾರೆ. ತಯಾರಕರ ಹೆಸರು, ಊರು. ಲಂಡನ್ನಿನ ಫರ್ಮಿನ್, ಜೆನೆನ್ಸ್. ಬರ್ಮಿಂಗ್‌ಹ್ಯಾಮಿನ ಸ್ಮಿತ್ ಅಂಡ್ ರೈಟ್, ಹ್ಯಾಮಂಡ್ ಟರ್ನರ್, ಗಾಂಟ್. ಹಳೆಯ ಗಿಲ್ಟ್, ಅಂದರೆ ಚಿನ್ನದ ಲೇಪದ, ಗುಂಡಿಗಳ ಬೆನ್ನಿಗೆ ‘ಡಬಲ್ ಗಿಲ್ಟ್’, ‘ಟ್ರೆಬಲ್ ಗಿಲ್ಟ್’ ಎಂದೂ ಇರುತ್ತದೆ. ಅದಕ್ಕೊಂದು ಕಾನೂನಿನ ಹಿನ್ನೆಲೆಯಿದೆ. ಚಿನ್ನದ ಹೆಸರಿನಲ್ಲಿ ಬರೀ ಹಿತ್ತಾಳೆ ಮಾರುವವರು ಹೆಚ್ಚಾದಾಗ, 1796ರಲ್ಲಿ ಬ್ರಿಟಿಷ್ ಸಂಸತ್ತು ಒಂದು ಅಳತೆ ಗೊತ್ತುಮಾಡಿತು: ಒಂದಂಗುಲ ಅಗಲದ 144 ಗುಂಡಿಗಳಿಗೆ 5 ಗ್ರೇನ್ (ಸುಮಾರು 324 ಮಿಲಿಗ್ರಾಂ) ಚಿನ್ನ. ಲೆಕ್ಕ ಹಾಕಿದರೆ ಒಂದು ಗುಂಡಿಗೆ ಎರಡು ಮಿಲಿಗ್ರಾಂಗಿಂತ ತುಸು ಹೆಚ್ಚು. ಅಷ್ಟು ಚಿನ್ನ ಇನ್ನೂರು ವರ್ಷದ ಆಚೆಯೂ ಗುಂಡಿಯ ತಗ್ಗುಗಳಲ್ಲಿ ಬೆಚ್ಚಗೆ ಹೊಳೆಯುತ್ತಿರುತ್ತದೆ.

ಆ ಎರಡು ಮಿಲಿಗ್ರಾಂ ಗುಂಡಿಗೆ ಹತ್ತುತ್ತಿದ್ದ ಬಗೆ ಮಾತ್ರ ಘೋರ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯಂತೆ ಮಾಡುತ್ತಿದ್ದರು. ಅದನ್ನು ಗುಂಡಿಗಳಿಗೆ ಸವರಿ, ಬಾಣಲೆಯಂಥ ಪಾತ್ರೆಯಲ್ಲಿ ಹಾಕಿ ಬಿಸಿ ಮಾಡಿದರೆ ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಹೋದ ಪಾದರಸ ಎಲ್ಲಿಗೆ ಹೋಯಿತು? ಬಾಣಲೆಯ ಮುಂದೆ ನಿಂತವರ ಶ್ವಾಸಕೋಶಕ್ಕೆ. ಕೈ ನಡುಗುವುದು, ಹಲ್ಲು ಉದುರುವುದು, ಬುದ್ಧಿ ಕದಡುವುದು ಗಿಲ್ಟ್ ಕೆಲಸದವರಿಗೆ ಅಂಟಿಕೊಂಡ ರೋಗಗಳು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ ವಿದ್ಯುತ್ತಿನಿಂದ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಆ ಬಾಣಲೆಗಳು ಮೆಲ್ಲಮೆಲ್ಲನೆ ಆರಿದವು. ಹಳೆಯ ಗಿಲ್ಟ್ ಗುಂಡಿಯೊಂದು ಕೈಗೆ ಬಂದಾಗ ಅದನ್ನು ತೊಟ್ಟ ಅಧಿಕಾರಿಗಿಂತ ಮೊದಲು ನನಗೆ ನೆನಪಾಗುವುದು ಆ ನಡುಗುವ ಕೈ.

ಹೀಗಿದ್ದೂ ಕಫ್‌ಲಿಂಕ್ ಮಾಡುವವರಲ್ಲಿ ಬಹಳ ಮಂದಿ ಮೊದಲು ಮಾಡುವುದೇ ಹಿಂಬದಿಯನ್ನು ಅಳಿಸುವ ಕೆಲಸ. ಕೊಂಡಿಯನ್ನು ಕಟ್ಟರಿನಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಅರದಿಂದ ತೀಡಿ, ಸಪಾಟಾದ ಜಾಗಕ್ಕೆ ಹೊಸ ಕಾಲು ಬೆಸೆಯುತ್ತಾರೆ. ಮೊದಲ ವರ್ಷ ನಾನೂ ಹಾಗೇ ಮಾಡಿದೆ. ನಾಲ್ಕು ಜೋಡಿಗಳ ಬೆನ್ನಿನ ಹೆಸರನ್ನು ನನ್ನ ಕೈಯಾರೆ ಒರೆಸಿ ಹಾಕಿದ್ದೇನೆ. ಮುಂದಿನಿಂದ ನೋಡಿದರೆ ಈಗಲೂ ಚಂದವಾಗಿವೆ, ತಿರುಗಿಸಿ ನೋಡಲು ಮನಸ್ಸು ಬರುವುದಿಲ್ಲ. ಇದಕ್ಕೆ ಜೊತೆಯಾಗಿ ಇನ್ನೊಂದು ಅಪಾಯವೂ ಇದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಎರಡು ತೆಳು ತಗಡುಗಳ ಅಂಚು ಮಡಿಚಿ ಒಂದು ಮಾಡುವ ಗುಂಡಿ ಬಂತು. ಆಮೇಲೆ ಬಂದ ಉಬ್ಬು ಮುಖದ ಸೇನಾ ಗುಂಡಿಗಳು ಒಳಗೆ ಟೊಳ್ಳು. ಉರಿ ಹಿಡಿದರೆ ಒಳಗಿನ ಗಾಳಿ ಹಿಗ್ಗಿ ಅಂಚು ಬಾಯಿ ಬಿಡುತ್ತದೆ, ಚಿನ್ನದ ಬಣ್ಣ ಸುಟ್ಟು ಕಂದುತ್ತದೆ.

ಕಫ್‌ಲಿಂಕ್ ಹುಟ್ಟಿದ್ದೂ ಗುಂಡಿಯಿಂದಲೇ. ಹದಿನೇಳನೇ ಶತಮಾನದಲ್ಲಿ ಯುರೋಪಿನ ಗಂಡಸರು ತೋಳಿನ ತುದಿಯನ್ನು ರಿಬ್ಬನ್ನಿನಿಂದ ಕಟ್ಟಿಕೊಳ್ಳುತ್ತಿದ್ದರು. ಬರಬರುತ್ತ ರಿಬ್ಬನ್ನಿನ ಜಾಗಕ್ಕೆ ಎರಡು ಗುಂಡಿ, ನಡುವೆ ಒಂದು ಗಿಡ್ಡ ಸರಪಳಿ ಬಂತು. ಅದಕ್ಕೆ ‘ತೋಳಗುಂಡಿ’ ಎಂಬರ್ಥದ ಹೆಸರೇ ಇತ್ತು. ಆಮೇಲಿನದು ಕಾರ್ಖಾನೆಯ ಕತೆ. ಅಮೆರಿಕದ ನ್ಯೂಅರ್ಕಿನ ಜಾರ್ಜ್ ಕ್ರೆಮೆಂಟ್ಸ್ ಒಂದೇ ತಗಡಿನಿಂದ, ಎಲ್ಲೂ ಬೆಸುಗೆಯಿಲ್ಲದೆ, ಕಾಲರ್ ಗುಂಡಿ ಒತ್ತಿ ತೆಗೆಯುವುದಕ್ಕೆ 1884ರಲ್ಲಿ ಪೇಟೆಂಟ್ ಪಡೆದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1893ರಲ್ಲಿ ಅವನ ಪರ ತೀರ್ಪಾಯಿತು. ಬಂದೂಕಿನ ತೋಟಾ ತಯಾರಿಸುವ ಯಂತ್ರವನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತೆಂದು ಆ ಉದ್ಯಮದವರು ಹೇಳುತ್ತ ಬಂದಿದ್ದಾರೆ. ಇಂದಿನ ಕಫ್‌ಲಿಂಕಿನ ಹಿಂದೆ ಅಡ್ಡಕ್ಕೆ ತಿರುಗುವ ಸಣ್ಣ ಉರುಳೆಗೆ ಅಂಗಡಿಯವರು ಹೇಳುವ ಹೆಸರೂ ‘ಬುಲೆಟ್ ಬ್ಯಾಕ್’. ಗುಂಡಿಯ ಬೆನ್ನಿಗೆ ಗುಂಡು. ಯಾರೂ ಯೋಚಿಸಿ ಇಟ್ಟ ಹೆಸರಲ್ಲ, ಆಕಾರ ನೋಡಿ ಇಟ್ಟದ್ದು.

ನನ್ನ ಮೇಜಿನ ಮೇಲೆ ಆಕಸ್ಮಿಕವಾಗಿ ಆದದ್ದನ್ನು ಬೇಕೆಂದೇ ಮಾಡಿದವರೂ ಇದ್ದಾರೆ. 1776ರ ಜುಲೈ 9ರಂದು ನ್ಯೂಯಾರ್ಕಿನ ಜನ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಉರುಳಿಸಿದರು. ಅದರ ತುಂಡುಗಳನ್ನು ಕನೆಕ್ಟಿಕಟ್ಟಿನ ಲಿಚ್‌ಫೀಲ್ಡಿಗೆ ಸಾಗಿಸಿ ಕರಗಿಸಿ 42,088 ಬಂದೂಕಿನ ಗುಂಡು ಎರಕ ಹೊಯ್ದರು. ಹೊಯ್ದವರಲ್ಲಿ ಊರಿನ ಹೆಂಗಸರು, ಮಕ್ಕಳು ಇದ್ದರು. ಅದೇ ಕನೆಕ್ಟಿಕಟ್ಟಿನ ವಾಟರ್‌ಬರಿ ಮುಂದೆ ಹಿತ್ತಾಳೆ ಗುಂಡಿಗಳ ಪಟ್ಟಣವಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸಿಪಾಯಿಗಳ ಎದೆಯ ಮೇಲಿದ್ದ ಹದ್ದಿನ ಗುಂಡಿಗಳ ಬೆನ್ನು ತಿರುಗಿಸಿದರೆ ಸ್ಕೋವಿಲ್, ವಾಟರ್‌ಬರಿ ಎಂಬ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ.

ಒಂದು ಗುಂಡಿ ಕೋಟು ಬಿಟ್ಟು ಹೊರಬರುವುದು ಹೇಗೆ? ಇದನ್ನು ನಾನು ಬಹಳ ಯೋಚಿಸಿದ್ದೇನೆ. ದಾರ ಸವೆದು ಉದುರಬಹುದು. ಕೋಟು ಹರಿದು ಹೋದ ಮೇಲೆ ಮನೆಯ ಹೆಂಗಸರು ಬಿಚ್ಚಿ ಹೊಲಿಗೆ ಡಬ್ಬಿಗೆ ಹಾಕಿಡಬಹುದು. ಕಿತ್ತುಹಾಕಲೂಬಹುದು. 1895ರ ಜನವರಿ 5ರಂದು ಪ್ಯಾರಿಸ್ಸಿನ ಸೇನಾ ಶಾಲೆಯ ಅಂಗಳದಲ್ಲಿ ಆಲ್ಫ್ರೆಡ್ ಡ್ರೈಫಸ್ ಎಂಬ ಅಧಿಕಾರಿಯನ್ನು ನಿಲ್ಲಿಸಿ, ಮಾಡದ ದ್ರೋಹಕ್ಕಾಗಿ, ಅವನ ಕೋಟಿನ ಗುಂಡಿಗಳನ್ನೂ ಪಟ್ಟಿಗಳನ್ನೂ ಎಲ್ಲರೆದುರು ಕಿತ್ತರು, ಕತ್ತಿ ಮುರಿದರು. ಒಂದೇ ಎಳೆತಕ್ಕೆ ಬರಲೆಂದು ಹೊಲಿಗೆಯನ್ನು ಮೊದಲೇ ಸಡಿಲ ಮಾಡಿಸಿದ್ದರು. ತಾನು ನಿರಪರಾಧಿ ಎಂದು ಅವನು ಕೂಗುತ್ತಲೇ ಇದ್ದ. 1906ರಲ್ಲಿ ಅವನ ಮೇಲಿನ ಕಳಂಕ ತೊಡೆದು ಮತ್ತೆ ಸೇನೆಗೆ ಸೇರಿಸಿಕೊಂಡರು. ನಡುವೆ ಹನ್ನೊಂದು ವರ್ಷ. ಮನುಷ್ಯನನ್ನು ಸೇನೆಯಿಂದ ತೆಗೆಯಬೇಕಾದರೆ ಗುಂಡಿ ಕೀಳಬೇಕೆಂದು ಆ ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ದಾರಿಯಲ್ಲಿ ಗುಂಡಿ ಹೊರಬರುವುದಲ್ಲ, ಕೋಟೇ ಅದರಿಂದ ಹೊರಟುಹೋಗುತ್ತದೆ. ಲಿಥುವೇನಿಯಾದ ವಿಲ್ನಿಯಸ್ಸಿನಲ್ಲಿ 2001ರಲ್ಲಿ ಕಟ್ಟಡದ ಕೆಲಸಕ್ಕೆ ನೆಲ ಅಗೆಯುವಾಗ ಮೂಳೆಗಳು ಸಿಕ್ಕವು. ಸಾವಿರಾರು ಮಂದಿಯನ್ನು ಒಟ್ಟಿಗೆ ತುಂಬಿದ್ದ ಗುಂಡಿ ಅದು. ಯಾರ ಕಾಲದ ಕೊಲೆಯೋ ಎಂದು ಮೊದಲು ಅನುಮಾನಪಟ್ಟರು. ಉತ್ತರ ಕೊಟ್ಟದ್ದು ಗುಂಡಿಗಳು. ಎಲುಬುಗಳ ನಡುವೆ ಸಿಕ್ಕ ಬಿಲ್ಲೆಗಳ ಮೇಲೆ ಫ್ರೆಂಚ್ ರೆಜಿಮೆಂಟುಗಳ ಅಂಕಿಗಳಿದ್ದವು. 1812ರ ಚಳಿಗಾಲದಲ್ಲಿ ಮಾಸ್ಕೋದಿಂದ ಹಿಂದಿರುಗುತ್ತ, ಹಸಿವಿನಿಂದ, ಚಳಿಯಿಂದ, ಜ್ವರದಿಂದ ಸತ್ತ ನೆಪೋಲಿಯನ್ನನ ಸೈನಿಕರು. 2003ರಲ್ಲಿ ಅವರನ್ನು ಅದೇ ಊರಿನ ಅಂತಾಕಲ್ನಿಸ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿದರು. ಹೆಸರುಗಳು ಸಿಗಲಿಲ್ಲ. ಅಂಕಿಗಳು ಸಿಕ್ಕವು.

ಇದೇ ಸೇನೆಯ ಬಗ್ಗೆ ಒಂದು ಕತೆ ಬಹಳ ಓಡಾಡುತ್ತದೆ. ಅವರ ಗುಂಡಿಗಳು ತವರದವು, ಚಳಿಗೆ ತವರ ಪುಡಿಯಾಗಿ, ಕೋಟು ತೆರೆದುಕೊಂಡು ಸೈನಿಕರು ಸತ್ತರು ಎಂಬುದು. ತವರಕ್ಕೆ ಅಂಥ ಗುಣ ಇರುವುದು ನಿಜ. 13 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಶುದ್ಧ ತವರ ಬೂದು ಪುಡಿಯಾಗಬಲ್ಲದು. ಆದರೆ ಅದು ಬಹಳ ನಿಧಾನವಾಗಿ ನಡೆಯುವ ಕ್ರಿಯೆ, ಸ್ವಲ್ಪ ಸೀಸ ಬೆರೆತರೂ ತಡೆದು ನಿಲ್ಲುತ್ತದೆ. ನನಗೆ ಈ ಕತೆ ಒಪ್ಪಿಗೆಯಾಗದಿರುವುದು ರಸಾಯನಶಾಸ್ತ್ರದ ಕಾರಣಕ್ಕೆ ಮಾತ್ರವಲ್ಲ. ಅಷ್ಟು ಜನರನ್ನು ಆ ಹಿಮಕ್ಕೆ ನಡೆಸಿಕೊಂಡು ಹೋದವರ ತಪ್ಪನ್ನು ಅದು ಗುಂಡಿಯ ತಲೆಗೆ ಕಟ್ಟುತ್ತದೆ. ಗುಂಡಿಗಳು ಕೊನೆಯವರೆಗೂ ಅಲ್ಲೇ ಇದ್ದವು. ಗುರುತು ಹೇಳಲು ಉಳಿದದ್ದೇ ಅವು.

ವಿಲ್ನಿಯಸ್ಸಿನ ವಿಷಯ ತಿಳಿದ ಮೇಲೆ ನಾನೊಂದು ಕಟ್ಟು ಹಾಕಿಕೊಂಡಿದ್ದೇನೆ. ನೆಲದಿಂದ ಅಗೆದು ತೆಗೆದ ಗುಂಡಿ ನನಗೆ ಬೇಡ. ಹಸಿರು ಕಿಲುಬು ಹಿಡಿದು, ಕೊಂಡಿ ಮುರಿದು, ‘ರಣರಂಗದಲ್ಲಿ ಸಿಕ್ಕಿದ್ದು’ ಎಂಬ ಚೀಟಿಯೊಂದಿಗೆ ಬರುವವನ್ನು ಕಫ್‌ಲಿಂಕಿಗೆ ಬಹಳ ಜನ ಹುಡುಕುತ್ತಾರೆ, ಅದಕ್ಕೊಂದು ಆಕರ್ಷಣೆಯೂ ಇದೆ ಎನ್ನಿ. ಆದರೆ ನೆಲದಲ್ಲಿರುವ ಗುಂಡಿ ಇನ್ನೂ ಸಾಕ್ಷಿ. ಅದು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದೇ ಅದರ ಮಾತು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿರುವ ಅಂತರ್ಯುದ್ಧದ ರಣರಂಗಗಳಲ್ಲಿ ಹೀಗೆ ಅಗೆಯುವುದು ಅಪರಾಧ. 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯೂ ಅದನ್ನು ತಡೆಯುತ್ತದೆ. ಕಾನೂನು ಇಲ್ಲದ ಕಡೆಯೂ ಸತ್ತವನ ಎದೆಯ ಮೇಲೆ ಬಿದ್ದಿದ್ದನ್ನು ಮಣಿಕಟ್ಟಿಗೆ ಹಾಕಿಕೊಳ್ಳಲು ನನ್ನ ಮನಸ್ಸು ಒಪ್ಪದು.

ಹಾಗಾದರೆ ಗುಂಡಿಯನ್ನು ಒಡವೆ ಮಾಡುವುದೇ ತಪ್ಪೇ? ಅಲ್ಲ. ಇದನ್ನು ಮೊದಲು ಮಾಡಿದವರೇ ಸಿಪಾಯಿಗಳು. ಮೊದಲ ಮಹಾಯುದ್ಧದ ಕಾಲದಲ್ಲಿ ಸಮವಸ್ತ್ರದ ಗುಂಡಿಯ ಬೆನ್ನಿಗೆ ಪಿನ್ನು ಹಚ್ಚಿ, ಬ್ರೂಚ್ ಮಾಡಿ ಮನೆಗೆ ಕಳಿಸುತ್ತಿದ್ದರು. ತಾಯಿ, ಹೆಂಡತಿ, ಮೆಚ್ಚಿದ ಹುಡುಗಿ ಅದನ್ನು ಧರಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಂಐ9 ಎಂಬ ಗುಪ್ತಚರ ವಿಭಾಗದ ಕ್ರಿಸ್ಟೊಫರ್ ಕ್ಲೇಟನ್ ಹಟನ್ ಗುಂಡಿಯೊಳಗೆ ದಿಕ್ಸೂಚಿಯನ್ನೇ ಅಡಗಿಸಿದರು, ಸೆರೆಸಿಕ್ಕ ವೈಮಾನಿಕರು ತಪ್ಪಿಸಿಕೊಂಡು ಬರುವಾಗ ದಾರಿ ಕಾಣಲೆಂದು. ತಿರುಪಿದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆಂದು ಜರ್ಮನ್ ಕಾವಲುಗಾರರಿಗೆ ತಿಳಿದ ಮೇಲೆ ತಿರುಪಿನ ಸುತ್ತುಗಳನ್ನು ಉಲ್ಟಾ ಕೊರೆಸಿದರು. ಬಿಚ್ಚಲು ಹೋದಷ್ಟೂ ಬಿಗಿಯಾಗುತ್ತಿತ್ತು. ಗುಂಡಿ ತನ್ನ ಕೆಲಸ ಬಿಟ್ಟು ಬೇರೆ ಕೆಲಸಕ್ಕೂ ಬರಬಲ್ಲದು. ಅದರ ಗುರುತು ಅಳಿಯದಿದ್ದರೆ ಸಾಕು.

ಹಾಗಾಗಿ ಈಗ ನಾನು ಉರಿ ಹಚ್ಚುವುದಿಲ್ಲ. ಕತ್ತರಿಸುವುದೂ ಇಲ್ಲ, ಅಂಟೂ ಇಲ್ಲ. ಹದಿನೇಳನೇ ಶತಮಾನದವರ ಹಳೆಯ ದಾರಿಗೇ ಮರಳಿದ್ದೇನೆ. ಗುಂಡಿಯ ಕೊಂಡಿ ಇರುವುದೇ ಏನನ್ನಾದರೂ ಪೋಣಿಸಲು. ಅದರೊಳಗೆ ಒಂದು ತೆಳು ಬೆಳ್ಳಿ ಬಳೆಯನ್ನು ತೂರಿಸಿ, ನಾಲ್ಕೈದು ಕಣ್ಣಿಯ ಗಿಡ್ಡ ಸರಪಳಿ ಸೇರಿಸಿ, ಆಚೆ ತುದಿಗೆ ಇನ್ನೊಂದು ಗುಂಡಿ. ಒಂದು ತೋಳಿಗೆ ಎರಡು, ಜೋಡಿಗೆ ನಾಲ್ಕು. ಬಳೆಯ ಬಾಯನ್ನು ಎರಡು ಇಕ್ಕಳಗಳಿಂದ ಪಕ್ಕಕ್ಕೆ ತಿರುಚಿ ತೆರೆಯಬೇಕು, ಅಗಲಕ್ಕೆ ಎಳೆಯಬಾರದು. ಹಾಗೆ ಮಾಡಿದರೆ ಮತ್ತೆ ಮುಚ್ಚಿದಾಗ ತುದಿಗಳು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಕೂಡುವಾಗ ಟಕ್ ಎಂಬ ಸಣ್ಣ ಸದ್ದು. ಸರಪಳಿ ಒಳಗೆ ಹದಿನೈದು ಮಿಲಿಮೀಟರಾದರೂ ಇರಲಿ, ಇಲ್ಲದಿದ್ದರೆ ದಪ್ಪ ಬಟ್ಟೆಯ ಮಡಿಕೆ ಹಿಡಿಯುವುದಿಲ್ಲ. ಹಾಕಿಕೊಳ್ಳುವುದು ಸ್ವಲ್ಪ ತ್ರಾಸವೇ, ಒಂದೇ ಕೈಯಲ್ಲಿ ಮಾಡಬೇಕಲ್ಲ. ಆದರೆ ನಾಳೆ ಯಾರಿಗಾದರೂ ಇದು ಬೇಡವೆನಿಸಿದರೆ ಎರಡು ಇಕ್ಕಳ ಸಾಕು, ಒಂದು ನಿಮಿಷದಲ್ಲಿ ನಾಲ್ಕೂ ಗುಂಡಿಗಳು ಕೋಟಿನಿಂದ ಬಂದಾಗ ಇದ್ದಂತೆಯೇ ಕೈಗೆ ಬರುತ್ತವೆ.

ಜೋಡಿ ಎಂದೆನಲ್ಲ, ನಿಜವಾಗಿ ಅವು ಜೋಡಿಯಲ್ಲ. ಈಗ ನಾನು ಹಾಕಿಕೊಂಡಿರುವುದನ್ನೇ ನೋಡಿ. ನಾಲ್ಕೂ ವಿಕ್ಟೋರಿಯಾ ಕಾಲದ ರಾಜಲಾಂಛನದ ಸಣ್ಣ ಗುಂಡಿಗಳೇ. ಎರಡರ ಬೆನ್ನಿಗೆ ಸ್ಮಿತ್ ಅಂಡ್ ರೈಟ್ ಎಂದಿದೆ, ಒಂದಕ್ಕೆ ಬೇರೆ ಹೆಸರು, ಇನ್ನೊಂದರದು ಓದಲಾಗದಷ್ಟು ಮಸುಕು. ಬಲಗೈಯ ಹೊರಗುಂಡಿಯಲ್ಲಿ ಸಿಂಹಕ್ಕೆ ಮುಖವೇ ಇಲ್ಲ; ಎಡಗೈಯದರಲ್ಲಿ ಕೇಸರದ ಕೂದಲು ಎಣಿಸಬಹುದು. ಒಬ್ಬ ಬಹಳ ವರ್ಷ ದುಡಿದವನು, ಇನ್ನೊಬ್ಬ ಆಗಷ್ಟೇ ಸೇರಿದ್ದವನಿರಬೇಕು. ಅಥವಾ ಒಬ್ಬ ಶಿಸ್ತಿನವನು, ಇನ್ನೊಬ್ಬ ಉಜ್ಜಲು ಬೇಸರಪಡುತ್ತಿದ್ದವನು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿರಲಾರರು, ಒಂದೇ ಖಂಡದಲ್ಲಿ ಇದ್ದಿರಲಾರರೇನೋ. ಅವರನ್ನು ಎದುರುಬದುರು ಕೂರಿಸಿದವಳು ನಾನು. ಮೊದಮೊದಲು ಒಂದೇ ತರಹ ಸವೆದವನ್ನು ಹುಡುಕಿ ಹುಡುಕಿ ಹೊಂದಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಬರೆಯುವಾಗ ಬಲಗೈಯದು ಮೇಜಿಗೆ ತಾಗಿ ಸದ್ದು ಮಾಡುತ್ತದೆ, ಎಡಗೈಯದು ಕಾಗದದ ಮೇಲೆ ಸುಮ್ಮನೆ ಮಲಗಿರುತ್ತದೆ.

ಉಳಿದ ‘50’ ಅನ್ನು ಕಫ್‌ಲಿಂಕ್ ಮಾಡಲಿಲ್ಲ. ಅದಕ್ಕೆ ಜೊತೆ ಹುಡುಕಲೂ ಇಲ್ಲ. ಬಟ್ಟೆ ಹಾಸಿದ ಸಣ್ಣ ಡಬ್ಬಿಯೊಂದರಲ್ಲಿ ಅದಿದೆ, ಪಕ್ಕದಲ್ಲಿ ಆ ಹನಿ. ಹನಿಯಿಂದ ಹೊರಚಾಚಿದ ಕಬ್ಬಿಣದ ಕೊಂಡಿ ಗಟ್ಟಿಯಾಗಿದೆ. ಎಂದೋ ಯಾರೋ ಕೆಂಪು ಕೋಟಿಗೆ ಹೊಲಿದಿದ್ದ ಕೊಂಡಿ. ಹನಿಯ ಕೊಂಡಿಗೂ ಗುಂಡಿಯ ಕೊಂಡಿಗೂ ಒಂದೇ ಕಪ್ಪು ದಾರ ಪೋಣಿಸಿ ಗಂಟು ಹಾಕಿದ್ದೇನೆ.